ಹಳದಿ ಶಂಖ: ಕೆಡುತ್ತಿರುವ ಗ್ರಾಫಿಕ್ಸ್ ಕಾರ್ಡ್ ಮತ್ತು ದೋಷದ ನೆಲೆ

ದೋಷವು ಕಾಣಿಸಿಕೊಳ್ಳುವ ಜಾಗವೂ ಅದು ನೆಲೆಸಿರುವ ಜಾಗವೂ ಒಂದೇ ಆಗಿರಬೇಕಾಗಿಲ್ಲ ಎಂಬುದು ಭಾರತೀಯ ಪ್ರಮಾಣಶಾಸ್ತ್ರದ ಹಳೆಯ ತಿಳಿವಳಿಕೆಗಳಲ್ಲಿ ಒಂದು. ಯಾವ ಅರಿವು ಸರಿಯಾದದ್ದು, ಅದು ಸರಿಯೆಂದು ಗೊತ್ತಾಗುವುದು ಯಾವುದರಿಂದ ಎಂದು ವಿಚಾರಿಸುವ ಈ ಶಾಸ್ತ್ರವು, ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುವುದನ್ನು ‘ಪೀತಶಂಖ’ವೆಂದೂ ತಿಮಿರವೆಂಬ ಕಣ್ಣುಬೇನೆಯವನಿಗೆ ಬಾನಿನಲ್ಲಿ ಇಬ್ಬರು ಚಂದ್ರರು ಕಾಣುವುದನ್ನು ‘ದ್ವಿಚಂದ್ರ’ವೆಂದೂ ಕರೆದು, ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಇವೆರಡನ್ನೂ ಮತ್ತೆ ಮತ್ತೆ ಉದಾಹರಿಸುತ್ತ ಬಂದಿದೆ. ಹಳದಿ ಇರುವುದು ಶಂಖದಲ್ಲಲ್ಲ, ನೋಡುವವನ ಪಿತ್ತದಲ್ಲಿ. ಎರಡನೆಯ ಚಂದ್ರ ಇರುವುದು ಬಾನಿನಲ್ಲಲ್ಲ, ಕಣ್ಣಿನಲ್ಲಿ. ಆದರೆ ಹೀಗೆ ಹೇಳಿ ಹೇಳಿ ಸವೆದ ದೃಷ್ಟಾಂತಗಳಲ್ಲಿ ಒಂದು ಕೊರತೆಯಿದೆ. ಶಂಖ ಬಿಳಿಯೆಂಬುದೂ ನೋಡುವವನಿಗೆ ಕಾಮಾಲೆಯಾಗಿದೆಯೆಂಬುದೂ ಅಲ್ಲಿ ಓದುಗನಿಗೆ ಮೊದಲೇ ಗೊತ್ತಿರುತ್ತದೆ. ರೋಗಿ ಯಾರು ಎಂಬುದೇ ಗೊತ್ತಿಲ್ಲದಿರುವಾಗ, ನೋಟಕ್ಕೂ ನೋಡುವವನಿಗೂ ನಡುವೆ ಹತ್ತು ವಸ್ತುಗಳು ಸಾಲಾಗಿ ನಿಂತಿದ್ದು ಅವುಗಳಲ್ಲಿ ಯಾವುದಕ್ಕೆ ಬೇಕಾದರೂ ಕಾಮಾಲೆಯಾಗಿರಬಹುದಾದಾಗ ಮಾತ್ರ ಈ ಪ್ರಶ್ನೆಗೆ ಬಿಸಿ ಹತ್ತುತ್ತದೆ. ವಯಸ್ಸಾದ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಕೈಕೊಡಲು ತೊಡಗಿದಾಗ ಎದುರಾಗುವುದು ಇಂಥದೇ ಸ್ಥಿತಿ.

ಗ್ರಾಫಿಕ್ಸ್ ಕಾರ್ಡ್ ಎಂದರೆ ತೆರೆಯ ಮೇಲಿನ ಚಿತ್ರವನ್ನು ಲೆಕ್ಕ ಹಾಕಿ ಕಳಿಸಿಕೊಡುವುದಕ್ಕೆಂದೇ ಮೀಸಲಾದ ಹಲಗೆ. ಅದಕ್ಕೆ ತನ್ನದೇ ಆದ ಸಂಸ್ಕಾರಕ ಚಿಪ್ಪು, ತನ್ನದೇ ಆದ ಸ್ಮೃತಿ, ಅಂದರೆ ಮೆಮೊರಿ, ಅವುಗಳ ಬಿಸಿಯನ್ನು ಹೊರಹಾಕಲು ಅಲ್ಯೂಮಿನಿಯಂ ಪಟ್ಟಿಗಳ ಸಾಲು ಮತ್ತು ಒಂದು ಸಣ್ಣ ಫ್ಯಾನು ಇರುತ್ತವೆ. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಸಾಮಾನ್ಯ ತೆರೆಯಲ್ಲಿ ಒಟ್ಟು 20,73,600 ಚುಕ್ಕೆಗಳಿದ್ದು, ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗುವುದರಿಂದ, 12 ಕೋಟಿ 44 ಲಕ್ಷಕ್ಕೂ ಮಿಕ್ಕ ಚುಕ್ಕೆಗಳ ಬಣ್ಣವನ್ನು ಈ ಹಲಗೆ ಪ್ರತಿ ಸೆಕೆಂಡೂ ಒಪ್ಪಿಸುತ್ತಿರಬೇಕು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಆನಗೋಡಿನಂಥ ಊರಿನ ಒಂದು ಫೋಟೋ ಸ್ಟುಡಿಯೋವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮದುವೆ ಆಲ್ಬಮ್ಮು, ಜಾತ್ರೆಯ ಫ್ಲೆಕ್ಸು, ನುಡಿ ಲಿಪಿಯಲ್ಲಿ ಕೂಡಿಸಿದ ಲಗ್ನಪತ್ರಿಕೆ, ಅರ್ಜಿಗೊಂದು ಫೋಟೋ, ಎಲ್ಲವೂ ಹತ್ತು ಹನ್ನೆರಡು ವರ್ಷದ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ಸುಗ್ಗಿಯಲ್ಲಿ ರಸ್ತೆಬದಿಯಲ್ಲೇ ಹರಡಿ ಒಣಗಿಸುವ ಮೆಕ್ಕೆಜೋಳದ ಧೂಳು ಬಾಗಿಲಿನಿಂದ ಒಳಬಂದು ಕಾರ್ಡಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದ ಹೊತ್ತಿಗೆ ವೋಲ್ಟೇಜು ಕುಸಿಯುತ್ತದೆ. ಒಂದು ದಿನ ತೆರೆಯ ಮೇಲೆ ಅಡ್ಡಾದಿಡ್ಡಿ ಗೆರೆ ಮೂಡುತ್ತದೆ, ಬಣ್ಣಬಣ್ಣದ ಚೌಕಗಳು ಚೆಲ್ಲುತ್ತವೆ, ತೆರೆ ಕಪ್ಪಾಗಿ ಮತ್ತೆ ಬರುತ್ತದೆ. ಆಗ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: ‘ಕಾರ್ಡ್ ಹೋಗಿದೆ.’

ಈ ‘ಹೋಗಿದೆ’ ಎಂಬ ಕ್ರಿಯಾಪದವನ್ನು ಕನ್ನಡವು ಕರೆಂಟಿಗೂ ಬಳಸುತ್ತದೆ, ಮಾನಕ್ಕೂ ಬಳಸುತ್ತದೆ, ಜೀವಕ್ಕೂ ಬಳಸುತ್ತದೆ. ವೈಶೇಷಿಕರು, ಅಂದರೆ ಜಗತ್ತಿನ ಪದಾರ್ಥಗಳನ್ನು ವಿಂಗಡಿಸಿ ಎಣಿಸಿದ ದಾರ್ಶನಿಕರು, ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಒಪ್ಪಿ ಅದನ್ನು ‘ಅಭಾವ’ವೆಂದು ಕರೆದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಒಡೆದ ಮಡಕೆಯ ಇಲ್ಲದಿರುವಿಕೆ ‘ಪ್ರಧ್ವಂಸಾಭಾವ’. ಅದಕ್ಕೆ ಆರಂಭವುಂಟು, ಅಂತ್ಯವಿಲ್ಲ. ಒಡೆದ ಆ ಮಡಕೆ ಮತ್ತೆ ಬರುವುದಿಲ್ಲ. ‘ಕಾರ್ಡ್ ಹೋಗಿದೆ’ ಎನ್ನುವವರು ಹೇಳಹೊರಟಿರುವುದು ಈ ಅಭಾವವನ್ನೇ. ಆದರೆ ಕೆಡುತ್ತಿರುವ ಕಾರ್ಡು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಅದು ಚೆನ್ನಾಗಿಯೇ ನಡೆಯುತ್ತದೆ, ಮಧ್ಯಾಹ್ನ ಹೋಗುತ್ತದೆ, ಆರಿಸಿಟ್ಟು ಊಟ ಮುಗಿಸಿ ಬಂದರೆ ಮತ್ತೆ ಬರುತ್ತದೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದು ಬಿಸಿಗೆ ಹಿಗ್ಗಿದಾಗ ತೆರೆದುಕೊಂಡು ತಂಪಿಗೆ ಮುಚ್ಚಿಕೊಳ್ಳುವುದು ಇದಕ್ಕೆ ಒಂದು ಕಾರಣವಾದೀತು. ಒಣಗಿ ಪುಡಿಯಾದ ಶಾಖಲೇಪ, ಸವೆದ ಫ್ಯಾನು ಇನ್ನೊಂದು ಕಾರಣವಾದೀತು. ಹೋಗುವುದೂ ಬರುವುದೂ ಇರುವ ತನಕ ‘ಹೋಗಿದೆ’ ಎಂಬುದು ವರದಿಯಲ್ಲ, ತೀರ್ಪು. ಅದೂ ವಿಚಾರಣೆಗೆ ಮೊದಲೇ ಬಂದ ತೀರ್ಪು.

ವಿಚಾರಣೆ ಸಂಶಯದಿಂದ ಹೊರಡಬೇಕು. ಗೌತಮನ ನ್ಯಾಯಸೂತ್ರಗಳು ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ ಮತ್ತು ಪ್ರಮೇಯಗಳ ಬೆನ್ನಿಗೇ ಮೂರನೆಯದಾಗಿ ಸಂಶಯ ಬರುತ್ತದೆ. ಮುಸ್ಸಂಜೆಯಲ್ಲಿ ದೂರದ ಆಕೃತಿಯನ್ನು ಕಂಡು ‘ಮೋಟುಮರವೋ ಮನುಷ್ಯನೋ’ ಎಂದು ತೂಗಾಡುವುದು ಅದರ ಮಾದರಿ. ಗೆರೆ ಮೂಡಿದ ತೆರೆಯ ಮುಂದೆ ಈ ತೂಗಾಟಕ್ಕೆ ಎರಡಲ್ಲ, ಏಳು ತುದಿಗಳು: ಮಾನಿಟರೋ, ಕೇಬಲ್ಲೋ, ಕಾರ್ಡಿನ ಮೆಮೊರಿಯೋ, ಚಿಪ್ಪೋ, ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ದುಭಾಷಿಯಾಗಿರುವ ಡ್ರೈವರ್ ಎಂಬ ತಂತ್ರಾಂಶವೋ, ವಿದ್ಯುತ್ತನ್ನು ಹದಮಾಡಿ ಹಂಚುವ ಎಸ್‌ಎಂಪಿಎಸ್ ಡಬ್ಬಿಯೋ, ಮದರ್‌ಬೋರ್ಡೋ.

ಈ ಸಾಲನ್ನು ಮಧ್ಯದಲ್ಲಿ ತುಂಡರಿಸುವ ಒಂದು ಸರಳ ಪರೀಕ್ಷೆಯಿದೆ, ಮತ್ತು ಅದು ತಿಮಿರದ ದೃಷ್ಟಾಂತಕ್ಕೆ ನೇರವಾಗಿ ಹೊಂದುತ್ತದೆ. ಗೆರೆಗಳು ಕಾಣುತ್ತಿರುವಾಗಲೇ ತೆರೆಯ ಪ್ರತಿಯನ್ನು, ಅಂದರೆ ಸ್ಕ್ರೀನ್‌ಶಾಟನ್ನು, ತೆಗೆದು ಅದನ್ನು ಮೊಬೈಲಿಗೆ ಕಳಿಸಿ ನೋಡಬೇಕು. ಪ್ರತಿಯಲ್ಲೂ ಗೆರೆಗಳಿದ್ದರೆ ಚಿತ್ರವು ಕಾರ್ಡಿನ ಮೆಮೊರಿಯನ್ನು ಬಿಡುವ ಮೊದಲೇ ಕೆಟ್ಟಿದೆ. ಪ್ರತಿ ಶುಭ್ರವಾಗಿದ್ದರೆ ಕೆಡುಕು ಬಹುಮಟ್ಟಿಗೆ ಆಮೇಲಿನ ಹಾದಿಯಲ್ಲಿದೆ. ಪ್ರತಿಯನ್ನು ಅದೇ ತೆರೆಯ ಮೇಲೆ ತೆರೆದು ನೋಡಿ ‘ಇದರಲ್ಲೂ ಗೆರೆಯಿದೆ’ ಎಂದು ನಿರ್ಧರಿಸುವವರು ಕಡಿಮೆಯಿಲ್ಲ, ಮತ್ತು ಅವರು ಮಾಡುತ್ತಿರುವುದು ತಿಮಿರದ ಕಣ್ಣಿನಿಂದಲೇ ತಿಮಿರವನ್ನು ಪರೀಕ್ಷಿಸುವ ಕೆಲಸ. ಇದರ ಜೊತೆಗೆ ಮಾನಿಟರಿನ ಅಂಚಿನ ಗುಂಡಿಯನ್ನೊತ್ತಿ ಅದರದೇ ಮೆನುವನ್ನು ತರಿಸಬಹುದು. ಆ ಮೆನುವನ್ನು ಬರೆಯುವುದು ಕಾರ್ಡಲ್ಲ, ಮಾನಿಟರೇ; ಹಿಂದಿನ ಚಿತ್ರ ಚಿಂದಿಯಾಗಿದ್ದರೂ ಮೆನು ಮಾತ್ರ ನಿಚ್ಚಳವಾಗಿ ಕಂಡರೆ ಮಾನಿಟರಿನ ಗಾಜು ನಿರ್ದೋಷಿ ಎಂದು ಹೆಚ್ಚುಕಡಿಮೆ ಒಪ್ಪಬಹುದು.

ಕೆಟ್ಟ ಚಿತ್ರದ ಸ್ವರೂಪವೂ ವಿಚಾರಕ್ಕೆ ಯೋಗ್ಯವಾದುದು. ತಪ್ಪಾಗಿ ಕಾಣುವುದು ಎಂದರೆ ಏನು ಕಾಣುವುದು ಎಂಬ ಪ್ರಶ್ನೆಗೆ ದರ್ಶನಗಳು ಕೊಟ್ಟ ಉತ್ತರಗಳನ್ನು ‘ಖ್ಯಾತಿವಾದ’ಗಳೆನ್ನುತ್ತಾರೆ. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡಾಗ, ಬೇರೆಲ್ಲೋ ನಿಜವಾಗಿ ಇರುವ ಬೆಳ್ಳಿಯೇ ಇಲ್ಲಿ ಕಂಡಿತು ಎನ್ನುವುದು ನೈಯಾಯಿಕರ ಅನ್ಯಥಾಖ್ಯಾತಿ. ಚಿಪ್ಪು ನಿಜವಾದರೂ ಅಲ್ಲಿ ಕಂಡ ಬೆಳ್ಳಿ ಎಲ್ಲೂ ಇಲ್ಲದ್ದು, ಇಲ್ಲದ್ದೇ ಇರುವಂತೆ ತೋರಿತು ಎನ್ನುವುದು ಮಧ್ವಮತದ ಅಭಿನವ ಅನ್ಯಥಾಖ್ಯಾತಿ. ಕಾರ್ಡಿನ ಮೆಮೊರಿ ಕೆಟ್ಟಾಗ ಎರಡೂ ಪಕ್ಷಗಳಿಗೆ ಸಾಕ್ಷ್ಯ ಸಿಗುತ್ತದೆ. ಮುಚ್ಚಿದ ಕಿಟಕಿಯೊಂದರ ತುಣುಕು, ಯಾರದೋ ಮದುವೆ ಫೋಟೋದ ಸೀರೆಯಂಚು, ಇನ್ನೊಬ್ಬರ ಫ್ಲೆಕ್ಸಿನ ಮೂಲೆಯಲ್ಲಿ ಬಂದು ಕೂತರೆ ಅದು ಅಕ್ಷರಶಃ ಅನ್ಯಥಾಖ್ಯಾತಿ, ಏಕೆಂದರೆ ಆ ತುಣುಕು ಮೆಮೊರಿಯ ಬೇರೊಂದು ಕೋಣೆಯಲ್ಲಿ ಇದ್ದದ್ದೇ ಹೌದು. ಯಾವ ಚಿತ್ರಕ್ಕೂ ಸೇರದ ಹಸಿರು ನೇರಳೆ ಚುಕ್ಕೆಗಳು ಸಿಡಿದರೆ ಅವು ಎಲ್ಲಿಂದಲೂ ಬಂದವಲ್ಲ. ಈ ಎರಡು ರೋಗಗಳನ್ನು ಒಂದೇ ಸಿದ್ಧಾಂತದಲ್ಲಿ ತುರುಕಲು ಹಿಂದಿನವರು ಪಟ್ಟ ಪಾಡನ್ನು ನೆನೆದರೆ, ಭ್ರಮೆ ಒಂದೇ ಜಾತಿಯದೆಂಬ ಅವರ ಪೂರ್ವಕಲ್ಪನೆಯೇ ಸಡಿಲವೆನ್ನಿಸುತ್ತದೆ.

ಇಲ್ಲಿಂದ ಮುಂದೆ ದಾರಿ ತೋರಬೇಕಾದದ್ದು ಅನುಮಾನ. ಕನ್ನಡದ ಆಡುಮಾತಿನಲ್ಲಿ ‘ಅನುಮಾನ’ವೆಂದರೆ ಶಂಕೆ, ಶಾಸ್ತ್ರದಲ್ಲಿ ಅದು ಕುರುಹಿನಿಂದ ಮಾಡುವ ನಿಶ್ಚಯ, ರಿಪೇರಿ ಅಂಗಡಿಯಲ್ಲಿ ಎರಡೂ ಅರ್ಥಗಳು ಒಟ್ಟಿಗೇ ಚಲಾವಣೆಯಲ್ಲಿವೆ. ‘ದೊಡ್ಡ ಫೈಲ್ ತೆರೆದಾಗ, ಆಟ ಆಡಿದಾಗ ಮಾತ್ರ ಕಂಪ್ಯೂಟರ್ ಆರಿಹೋಗುತ್ತದೆ, ಆ ಹೊತ್ತಿನಲ್ಲಿ ದುಡಿಯುವುದು ಗ್ರಾಫಿಕ್ಸ್ ಕಾರ್ಡು, ಆದ್ದರಿಂದ ಕೆಟ್ಟಿರುವುದು ಕಾರ್ಡು’ ಎಂಬ ಅನುಮಾನ ಕೇಳಲು ಚೊಕ್ಕವಾಗಿದೆ. ನೈಯಾಯಿಕರು ಇದನ್ನು ಸೋಪಾಧಿಕವೆಂದು, ಅಂದರೆ ಬಚ್ಚಿಟ್ಟ ಷರತ್ತಿನ ಮೇಲೆ ನಿಂತದ್ದೆಂದು, ತಳ್ಳಿಹಾಕುತ್ತಿದ್ದರು. ‘ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ’ ಎಂಬ ಮಾತು ಅವರ ಮಾದರಿ: ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಏಕೆಂದರೆ ಹೊಗೆಗೆ ಬೇಕಾದದ್ದು ಬರಿಯ ಬೆಂಕಿಯಲ್ಲ, ಹಸಿ ಸೌದೆಯೊಡನೆ ಕೂಡಿದ ಬೆಂಕಿ. ಆ ಹಸಿ ಸೌದೆಯೇ ‘ಉಪಾಧಿ’. ಕಂಪ್ಯೂಟರಿನಲ್ಲಿ ಹಸಿ ಸೌದೆಯ ಪಾತ್ರ ವಹಿಸುವುದು ಎಸ್‌ಎಂಪಿಎಸ್. ಕಾರ್ಡನ್ನು ಸಿಕ್ಕಿಸುವ ಸ್ಲಾಟು ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಆರು ಸೂಜಿಯ ಹೆಚ್ಚುವರಿ ಪ್ಲಗ್ಗಿದ್ದರೆ ಇನ್ನೂ 75 ವ್ಯಾಟ್. ಕಾರ್ಡು ದುಡಿಯುವಾಗ ಈ ಭಾರ ಬಹುಪಾಲು ಬೀಳುವುದು 12 ವೋಲ್ಟಿನ ತಂತಿಯ ಮೇಲೆ, ಮತ್ತು ಆ ತಂತಿ 11.4 ವೋಲ್ಟಿಗಿಂತ ಕೆಳಗಿಳಿಯಬಾರದು, 12.6ಕ್ಕಿಂತ ಮೇಲೇರಬಾರದು. ಹತ್ತು ವರ್ಷ ಬಿಸಿಯಲ್ಲಿ ಕುಳಿತು ಒಳಗಿನ ದ್ರವ ಒಣಗಿದ, ತಲೆಯುಬ್ಬಿದ ಕೆಪಾಸಿಟರುಗಳ ಎಸ್‌ಎಂಪಿಎಸ್ ಖಾಲಿ ಕೂತಾಗ 12 ವೋಲ್ಟನ್ನೇ ತೋರಿಸಿ, ಭಾರ ಬಿದ್ದೊಡನೆ ಕುಸಿಯುತ್ತದೆ. ಕಾರ್ಡು ಆಗ ಅಪರಾಧಿಯಲ್ಲ, ಅನ್ನವಿಲ್ಲದೆ ಬಿದ್ದ ಕೂಲಿಯಾಳು.

ಕಾರ್ಡೂ ಸರಿಯಿದ್ದು ಬೋರ್ಡೂ ಸರಿಯಿದ್ದು ಅವೆರಡರ ಸೇರುವೆ ಮಾತ್ರ ಕೆಟ್ಟಿರುವ ಸಂದರ್ಭವೂ ಉಂಟು. ಕಾರ್ಡಿನ ಅಂಚಿನಲ್ಲಿ ಚಿನ್ನದ ಲೇಪವಿರುವ ಸಣ್ಣ ಪಟ್ಟಿಗಳ ಸಾಲಿದ್ದು, ಅವುಗಳ ಮೇಲೆ ಜಿಡ್ಡು ಕೂತರೆ ಅಥವಾ ಭಾರವಾದ ಕಾರ್ಡು ತನ್ನ ತೂಕಕ್ಕೆ ತಾನೇ ಜೋತುಬಿದ್ದರೆ ಸಂಪರ್ಕ ತಪ್ಪುತ್ತದೆ. ಶಾಲಾ ಮಕ್ಕಳ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಕೊಡವಿ, ಕಾರ್ಡನ್ನು ‘ಟಕ್’ ಎನ್ನುವ ತನಕ ಒತ್ತಿ ಕೂರಿಸುವುದು ದಾವಣಗೆರೆಯ ಅಂಗಡಿಗಳಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಮೊದಲ ಮದ್ದು. ಇಲ್ಲಿ ದೋಷ ಯಾರದು? ವೈಶೇಷಿಕರ ಪ್ರಕಾರ ‘ಸಂಯೋಗ’ವೆಂಬುದು ಒಂದು ಗುಣ, ಮತ್ತು ಅದು ಒಂದರಲ್ಲಿ ಮಾತ್ರ ಇರಲಾರದು, ಕೂಡಿದ ಎರಡರಲ್ಲೂ ಇರುತ್ತದೆ. ಆದ್ದರಿಂದ ಸಂಯೋಗದ ದೋಷವನ್ನು ಒಂದರ ಹೆಸರಿಗೆ ಬರೆಯಲಾಗದು. ಹರಿಹರದ ಹರಿಹರೇಶ್ವರನ ಕಥೆಯಲ್ಲಿ ಇದೇ ತರ್ಕ ತಿರುವುಮುರುವಾಗಿದೆ: ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾಯದಂತೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬರಬೇಕಾಯಿತು ಎಂಬುದು ಸ್ಥಳಪುರಾಣ, ಮತ್ತು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯಲ್ಲಿ ಬಲಗಡೆ ಹರನೂ ಎಡಗಡೆ ಹರಿಯೂ ಆಗಿರುವ ಒಂದೇ ವಿಗ್ರಹವಿದೆ. ಒಂದೊಂದನ್ನೇ ಬೇರೆ ಮಾಡಿ ಪರೀಕ್ಷಿಸಿ ‘ಇದೂ ಸರಿಯಿದೆ, ಅದೂ ಸರಿಯಿದೆ’ ಎಂದು ಹಿಂದಿರುಗಿಸುವ ರಿಪೇರಿಗಾರನಿಗೆ ಸಿಗದೆ ತಪ್ಪಿಸಿಕೊಳ್ಳುವುದು ಇಂಥ ಗುಹಾಸುರರೇ.

ಶಬ್ದಪ್ರಮಾಣವನ್ನೂ, ಅಂದರೆ ನಂಬಲರ್ಹನ ಮಾತಿನಿಂದ ತಿಳಿಯುವುದನ್ನೂ, ಇಲ್ಲಿ ಸೇರಿಸಬೇಕು. ತೆರೆಯ ಮೇಲೆ ಏನೂ ಬಾರದಿದ್ದಾಗ ಹಳೆಯ ಮದರ್‌ಬೋರ್ಡುಗಳು ಪೀಪಿಯ ಸದ್ದಿನಲ್ಲಿ ದೂರು ಹೇಳುತ್ತವೆ. ಅವಾರ್ಡ್ ಕಂಪನಿಯ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ, ಇರುವ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಸದ್ದು ಬಂದರೆ ವಿಡಿಯೋ ದೋಷವೆಂದು ಅರ್ಥ. ಗುರು, ಲಘು, ಲಘು; ಛಂದಸ್ಸು ಓದಿದವರಿಗೆ ಅದು ಭಗಣ. ಆದರೆ ಬೋರ್ಡು ಹೇಳುವುದು ತನಗೆ ಕಾರ್ಡು ಉತ್ತರಿಸಲಿಲ್ಲ ಎಂದಷ್ಟೇ. ಉತ್ತರಿಸದಿದ್ದದ್ದು ಸತ್ತದ್ದರಿಂದಲೋ ಸಡಿಲವಾಗಿ ಕೂತದ್ದರಿಂದಲೋ ಎಂಬುದು ಅದಕ್ಕೆ ತಿಳಿಯದು. ಆಪ್ತನ ಮಾತಿಗೂ ಆಪ್ತನು ಕಂಡಷ್ಟೇ ಎಲ್ಲೆ.

ಕೊನೆಗೆ ಎಲ್ಲ ಅಂಗಡಿಗಳೂ ಆಶ್ರಯಿಸುವುದು ಅದಲುಬದಲನ್ನು. ಶಂಕಿತ ಕಾರ್ಡನ್ನು ಕಿತ್ತು, ಡ್ರಾಯರಿನಲ್ಲಿ ಕಾಗದದಲ್ಲಿ ಸುತ್ತಿಟ್ಟಿರುವ, ‘ಚೆನ್ನಾಗಿದೆ’ ಎಂದು ಗೊತ್ತಿರುವ ಹಳೆಯ ಸಣ್ಣ ಕಾರ್ಡನ್ನು ಹಾಕಿ ನೋಡುತ್ತಾರೆ. ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದು ಇಲ್ಲ ಎಂದು ಕಾರಣವನ್ನು ಗೊತ್ತುಮಾಡುವ ಈ ಕ್ರಮಕ್ಕೆ ‘ಅನ್ವಯ-ವ್ಯತಿರೇಕ’ವೆಂದು ಹೆಸರು. ಬದಲಿ ಕಾರ್ಡು ಹಾಕಿದಾಗ ಗೆರೆಗಳು ಮಾಯವಾದರೆ ವ್ಯತಿರೇಕ ಸಿದ್ಧಿಸಿತು; ಶಂಕಿತವನ್ನು ಮರಳಿ ಹಾಕಿದಾಗ ಗೆರೆಗಳು ಮರಳಿದರೆ ಅನ್ವಯವೂ ಸಿದ್ಧಿಸಿತು. ಈ ಎರಡನೆಯ ಅರ್ಧವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಏಕೆಂದರೆ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ. ಬಿಟ್ಟದ್ದರಿಂದ ಆಗುವ ನಷ್ಟವೆಂದರೆ, ಬರಿಯ ಕಿತ್ತು ಕೂರಿಸಿದ್ದರಿಂದಲೇ ಸರಿಹೋಗಬಹುದಾಗಿದ್ದ ಕಾರ್ಡು ಗುಜರಿ ಸೇರುವುದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಲೆಯಿದೆ: ಡ್ರಾಯರಿನ ಕಾರ್ಡು ಸಾಮಾನ್ಯವಾಗಿ ಚಿಕ್ಕದು, ಹೆಚ್ಚುವರಿ ಪ್ಲಗ್ಗು ಬೇಡದ್ದು, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವಂಥದು. ನಿಜವಾದ ರೋಗಿ ಎಸ್‌ಎಂಪಿಎಸ್ ಆಗಿದ್ದರೂ ಈ ಮಿತಾಹಾರಿಯ ಕೈಯಲ್ಲಿ ಯಂತ್ರ ನಡೆದುಬಿಡುತ್ತದೆ, ಆರೋಪ ಮತ್ತೆ ಹಳೆಯ ಕಾರ್ಡಿನ ಮೇಲೆಯೇ ಬೀಳುತ್ತದೆ. ಉಪಾಧಿಯನ್ನು ಹಿಡಿಯಲು ಹೂಡಿದ ಪರೀಕ್ಷೆಯೊಳಗೇ ಉಪಾಧಿ ನುಸುಳಿರುತ್ತದೆ.

ಹಾಗಾದರೆ ಬದಲಿ ಕಾರ್ಡು ಚೆನ್ನಾಗಿದೆಯೆಂದು ಗೊತ್ತಾದದ್ದು ಹೇಗೆ? ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಆ ಕಂಪ್ಯೂಟರು? ಹೀಗೆ ಕೊನೆಯಿಲ್ಲದೆ ಹಿಂದಕ್ಕೆ ಸರಿಯುವ ದೋಷಕ್ಕೆ ‘ಅನವಸ್ಥೆ’ಯೆಂದು ಹೆಸರು, ಮತ್ತು ಭಾರತೀಯ ದರ್ಶನಗಳ ಅತಿ ದೀರ್ಘವಾದ ವಾಗ್ವಾದಗಳಲ್ಲಿ ಒಂದು ಇದನ್ನೇ ಸುತ್ತಿಕೊಂಡಿದೆ. ಅರಿವಿನ ಸರಿತನ, ಅಂದರೆ ಪ್ರಾಮಾಣ್ಯ, ಆ ಅರಿವಿನೊಡನೆಯೇ ಗೊತ್ತಾಗುತ್ತದೆ, ತಪ್ಪು ಮಾತ್ರ ಹೊರಗಿನ ಕಾರಣದಿಂದ ಗೊತ್ತಾಗುತ್ತದೆ ಎಂದರು ಮೀಮಾಂಸಕರು. ಸರಿಯೂ ತಪ್ಪೂ ಎರಡೂ ಹೊರಗಿನಿಂದಲೇ, ಅಂದರೆ ‘ಪರತಃ’, ಗೊತ್ತಾಗಬೇಕು ಎಂದರು ನೈಯಾಯಿಕರು. ಎಲ್ಲವನ್ನೂ ಹೊರಗಿನಿಂದ ಪರೀಕ್ಷಿಸಬೇಕಾದರೆ ಪರೀಕ್ಷೆಗೆ ಕೊನೆಯೆಲ್ಲಿ ಎಂಬುದು ಎದುರಾಳಿಗಳ ಆಕ್ಷೇಪ. ನೈಯಾಯಿಕ ಉದಯನನು ಇಂಥ ಕೊನೆಯಿಲ್ಲದ ಶಂಕೆಗೆ ಕೊಟ್ಟ ಉತ್ತರ ವ್ಯವಹಾರಕ್ಕೆ ಹತ್ತಿರವಾದದ್ದು: ಶಂಕೆಯು ಶಂಕಿಸುವವನ ಸ್ವಂತ ನಡತೆಗೇ ವಿರುದ್ಧವಾಗುವಲ್ಲಿ ನಿಂತುಹೋಗುತ್ತದೆ, ಬೆಂಕಿಯಿಂದ ಹೊಗೆ ಬರುವುದನ್ನು ಸಂದೇಹಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚುತ್ತಾನೆ. ಹರಿಹರದ ದಡ ತೊಳೆದು ಹರಿಯುವ ಅದೇ ತುಂಗಭದ್ರೆಯ ಕೆಳಗಣ ಪಾತ್ರದಲ್ಲಿ, ಆನೆಗೊಂದಿಯ ನವವೃಂದಾವನದಲ್ಲಿ ವೃಂದಾವನಸ್ಥರಾಗಿರುವ, ಮಧ್ವಮತದ ವ್ಯಾಸತೀರ್ಥರು (1460–1539) ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಈ ವಿಷಯದಲ್ಲಿಯೇ ಮೊದಲಿಗೆ ಎದುರಿಸಿದರು. ಮಧ್ವಮತದ ನಿಲುವಿನಲ್ಲಿ ಅರಿವಿನ ಸರಿತನವನ್ನು ಗ್ರಹಿಸುವುದು ‘ಸಾಕ್ಷಿ’, ಅಂದರೆ ಅರಿಯುವವನ ಒಳಗಿನ ಅರಿವೇ. ಸಂಶಯವೆಂಬ ಅಡ್ಡಿ ಬಂದಾಗ ಪರೀಕ್ಷೆ ಬೇಕಾಗುತ್ತದೆ, ಆದರೆ ಪರೀಕ್ಷೆಯ ಕೆಲಸ ಅಡ್ಡಿಯನ್ನು ಸರಿಸುವುದಷ್ಟೇ, ಮತ್ತು ಬಾಯಾರಿಕೆ ತಣಿದದ್ದು, ನೋವಾದದ್ದು ಮುಂತಾದ ನೇರ ಅನುಭವವನ್ನು ಮುಟ್ಟಿದಾಗ ಸಂಶಯಕ್ಕೆ ಮತ್ತೆ ಎಡೆಯಿರುವುದಿಲ್ಲ. ರಿಪೇರಿಯ ಮೇಜಿನ ಮುಂದೆ ಈ ನಿಲುವು ಹೆಚ್ಚು ಸತ್ಯಕ್ಕೆ ಸಮೀಪವೆನ್ನಿಸುತ್ತದೆ. ಹತ್ತು ವರ್ಷ ಯಾರೂ ತೆರೆಯನ್ನು ಪರೀಕ್ಷಿಸಲಿಲ್ಲ, ನಂಬಿದರು, ಮತ್ತು ಆ ನಂಬಿಕೆ ತಪ್ಪಾಗಿರಲಿಲ್ಲ. ಪರೀಕ್ಷೆ ಹುಟ್ಟಿದ್ದು ಮೊದಲ ಗೆರೆಯೊಡನೆ.

ನೈಯಾಯಿಕರ ಇನ್ನೊಂದು ಒರೆಗಲ್ಲು ಸಫಲ ಪ್ರವೃತ್ತಿ: ನೀರೆಂದು ಕಂಡದ್ದನ್ನು ಕುಡಿದು ದಾಹ ತಣಿದರೆ ಕಂಡದ್ದು ನೀರೇ. ಇದು ಎಷ್ಟು ದೂರ ನಡೆಯುತ್ತದೆಂಬುದನ್ನು ತೋರಿಸಲು ಗ್ರಾಫಿಕ್ಸ್ ಕಾರ್ಡಿನ ‘ಓವನ್ ಚಿಕಿತ್ಸೆ’ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಾರ್ಡಿನ ಫ್ಯಾನು, ಪ್ಲಾಸ್ಟಿಕ್ಕು ಬಿಚ್ಚಿ, ಬರಿಯ ಹಲಗೆಯನ್ನು ಅಡುಗೆಯ ಓವನ್ನಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿದರೆ ಬಿರುಕುಬಿಟ್ಟ ಬೆಸುಗೆ ಕರಗಿ ಮತ್ತೆ ಕೂಡುತ್ತದೆ ಎಂಬ ನಂಬಿಕೆ ಜಗತ್ತಿನಾದ್ಯಂತ ಹಬ್ಬಿತ್ತು. ಸತ್ತ ಕಾರ್ಡುಗಳು ಹೀಗೆ ಎದ್ದು ಕೂತದ್ದೂ ಸುಳ್ಳಲ್ಲ. ಆದರೆ ಬೆಸುಗೆಯಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಯುರೋಪಿನ ನಿಯಮ 2006ರ ಜುಲೈನಲ್ಲಿ ಜಾರಿಯಾದ ಮೇಲೆ ಸಾಮಾನ್ಯವಾದ ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಚಿಪ್ಪನ್ನು ಅದರ ಪೀಠಕ್ಕೆ ಹಿಡಿದಿಡುತ್ತಿದ್ದ, ಸೀಸವೇ ಹೆಚ್ಚಾಗಿದ್ದ ಅತಿಸಣ್ಣ ಬೆಸುಗೆಯುಂಡೆಗಳು ಕರಗಲು 300 ಡಿಗ್ರಿಯೂ ಸಾಲದು. 200 ಡಿಗ್ರಿಯಲ್ಲಿ ಇವೆರಡೂ ಕರಗಲಾರವು. ಆ ಉಂಡೆಗಳ ಬಿರುಕೇ ಆ ಕಾಲದ ದೊಡ್ಡ ರೋಗವಾಗಿತ್ತು: 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ಲ್ಯಾಪ್‌ಟಾಪುಗಳ ಕೆಲವು ಚಿಪ್ಪುಗಳ ಒಳಗಟ್ಟಿನ ಸಾಮಗ್ರಿ ದುರ್ಬಲವಾಗಿದ್ದುದರ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರನ್ನು ತೆಗೆದಿಡುವುದಾಗಿ ಪ್ರಕಟಿಸಿತ್ತು. ಓವನ್ನಿನ ಶಾಖಕ್ಕೆ ಬಿರುಕಿನ ಎರಡು ಬದಿಗಳು ಅಲುಗಾಡಿ ಮತ್ತೆ ತಾಗಿಕೊಂಡಿರುತ್ತವೆ, ಅಷ್ಟೇ. ಕೆಲವು ವಾರಗಳಲ್ಲಿ ಮತ್ತೆ ಬಿಡುತ್ತವೆ. ಫಲ ನಿಜ, ಕಾರಣದ ಅರಿವು ಸುಳ್ಳು.

7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇಂಥದೇ ಜೋಡಿಯೊಂದನ್ನು ಚಿತ್ರಿಸಿದ್ದಾನೆ: ಬೆಳಕಿನ ಹೊಳಪನ್ನೇ ಮಣಿಯೆಂದು ತಿಳಿದು ಇಬ್ಬರು ಓಡುತ್ತಾರೆ, ಒಬ್ಬನದು ಮಣಿಯ ಹೊಳಪು, ಇನ್ನೊಬ್ಬನದು ದೀಪದ ಹೊಳಪು, ಭ್ರಮೆ ಇಬ್ಬರದೂ, ಮಣಿ ಸಿಗುವುದು ಒಬ್ಬನಿಗೆ. ಓವನ್ನಿನ ಕಾರ್ಡು ಎರಡು ವಾರ ಮಣಿ, ಮೂರನೆಯ ವಾರ ದೀಪ. 12ನೆಯ ಶತಮಾನದ ಶ್ರೀಹರ್ಷನು ‘ಖಂಡನಖಂಡಖಾದ್ಯ’ದಲ್ಲಿ ಮುಂದಕ್ಕೆ ಹೋಗಿ, ಹಬೆಯನ್ನು ಹೊಗೆಯೆಂದು ತಪ್ಪಾಗಿ ಕಂಡು ಬೆಂಕಿಯನ್ನು ಅನುಮಾನಿಸಿದವನಿಗೆ ಅಲ್ಲಿ ಅದೃಷ್ಟವಶಾತ್ ಬೆಂಕಿಯೇ ಸಿಕ್ಕರೆ ಅದನ್ನು ಅರಿವೆನ್ನಬೇಕೇ ಎಂದು ಕೇಳಿದ್ದಾನೆ; 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರ್ ಬರೆದ ಮೂರು ಪುಟಗಳ ಲೇಖನ ಇದೇ ಜಾತಿಯ ಪ್ರಶ್ನೆಯಿಂದ ಪಾಶ್ಚಾತ್ಯ ಜ್ಞಾನಮೀಮಾಂಸೆಯನ್ನು ಅಲುಗಿಸಿತು.

ಅನವಸ್ಥೆಗೆ ಇನ್ನೊಂದು ಪರಿಹಾರ ಹರಿಹರದ ದಿಕ್ಕಿನಲ್ಲಿದೆ, ಮತ್ತು ಅದು ಗ್ರಂಥಗಳದ್ದಲ್ಲ, ಕಾರ್ಖಾನೆಗಳದ್ದು. ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದಾಗಿ ಹರಿಹರದ ಹೆಸರು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಪರಿಚಿತವಾಗಿತ್ತು. ಲೇತಿನ ಹಾಸು ಸಪಾಟಾಗಿರಬೇಕು; ಸಪಾಟೆಂದು ತಿಳಿಯಲು ಅದಕ್ಕಿಂತ ಸಪಾಟಾದ ಫಲಕ ಬೇಕು; ಆ ಫಲಕಕ್ಕೆ ಇನ್ನೊಂದು ಬೇಕು. ಮೊತ್ತಮೊದಲ ಸಪಾಟು ಫಲಕ ಹುಟ್ಟಿದ್ದೆಲ್ಲಿಂದ? ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಬಹಿರಂಗವಾಗಿ ವಿವರಿಸಿದ ವಿಧಾನ ಇದಕ್ಕೆ ಉತ್ತರ. ಎರಡು ಫಲಕಗಳಿಗೆ ಬಣ್ಣ ಹಚ್ಚಿ ಒಂದರ ಮೇಲೊಂದನ್ನು ಉಜ್ಜಿ, ಉಬ್ಬಿದ್ದಲ್ಲಿ ಕೆರೆಯುತ್ತ ಹೋದರೆ ಎರಡೂ ಒಂದಕ್ಕೊಂದು ಕೂತುಬಿಡುತ್ತವೆ, ಆದರೆ ಒಂದು ಬೋಗುಣಿಯಂತೆ ತಗ್ಗಾಗಿ ಇನ್ನೊಂದು ಅದಕ್ಕೆ ತಕ್ಕಂತೆ ಉಬ್ಬಾಗಿಯೂ ಕೂತಿರಬಹುದು. ಮೂರನೆಯ ಫಲಕವೊಂದನ್ನು ತಂದು ಮೂರನ್ನೂ ಎರಡೆರಡಾಗಿ, ಸರದಿಯಂತೆ ಉಜ್ಜಿದಾಗ ಮಾತ್ರ ಆ ಒಳಸಂಚು ಬಯಲಾಗುತ್ತದೆ. ಮೂರೂ ಪರಸ್ಪರ ಕೂತುಕೊಳ್ಳಬೇಕಾದರೆ ಮೂರೂ ಸಪಾಟೇ ಆಗಿರಬೇಕು. ಇದಕ್ಕಿಂತ ಮೊದಲಿನ ಯಾವ ಮಾನದಂಡವೂ ಬೇಡ. ತರ್ಕಶಾಸ್ತ್ರವು ಎರಡು ಒಂದನ್ನೊಂದು ಆಶ್ರಯಿಸುವುದನ್ನು ‘ಅನ್ಯೋನ್ಯಾಶ್ರಯ’ವೆಂದೂ ಮೂರು ಸುತ್ತಾಗಿ ಆಶ್ರಯಿಸುವುದನ್ನು ‘ಚಕ್ರಕ’ವೆಂದೂ ಹೆಸರಿಸಿ ಎರಡನ್ನೂ ದೋಷಗಳ ಪಟ್ಟಿಗೆ ಸೇರಿಸಿದೆ. ವಾದದಲ್ಲಿ ಅದು ಸರಿಯೇ. ಕೆರೆಯುವ ಕೈಯಲ್ಲಿ ಮಾತ್ರ ಚಕ್ರಕವೇ ಪ್ರಮಾಣವಾಗಿಬಿಟ್ಟಿದೆ, ಏಕೆಂದರೆ ಅಲ್ಲಿ ಪ್ರತಿ ಸುತ್ತಿನಲ್ಲೂ ಯಾವುದೋ ಒಂದು ಉಬ್ಬು ನಿಜವಾಗಿಯೂ ಸವೆಯುತ್ತದೆ. ಮತ್ತು ಬಣ್ಣದ ಮಚ್ಚೆ ಎಲ್ಲಿ ಬಿದ್ದಿದೆಯೆಂದು ನೋಡುವ ಒಂದು ಕಣ್ಣು, ಮಧ್ವಮತದವರು ಬಿಡದೆ ಎಣಿಸುವ ಆ ಸಾಕ್ಷಿ, ಅಲ್ಲಿಯೂ ಇದೆ.

ಗ್ರಾಫಿಕ್ಸ್ ಕಾರ್ಡಿನ ವಿಚಾರಣೆಗೆ ಬೇಕಾದದ್ದು ಈ ಮೂರರ ಸುತ್ತೇ. ಸ್ಟುಡಿಯೋದ ಯಂತ್ರ, ಪಕ್ಕದಂಗಡಿಯದು, ದಾವಣಗೆರೆಯ ರಿಪೇರಿಗಾರನದು, ಹೀಗೆ ಮೂರರ ನಡುವೆ ಕಾರ್ಡನ್ನೂ ಎಸ್‌ಎಂಪಿಎಸ್ಸನ್ನೂ ಬೇರೆ ಬೇರೆಯಾಗಿ ಸುತ್ತಿಸಿದರೆ ಒಂದು ಎಡೆಯಲ್ಲಿ ಉಬ್ಬು ಸಿಕ್ಕಿಬೀಳುತ್ತದೆ. ಆದರೆ ಸುತ್ತಿಗೆ ಖರ್ಚಿದೆ. ಕಂಪ್ಯೂಟರ್ ಹೊತ್ತು ಬಸ್ಸು ಹತ್ತಬೇಕು, ಒಂದು ದಿನದ ದುಡಿಮೆ ನಿಲ್ಲಬೇಕು. ಶಾಸ್ತ್ರಕಾರರು ಸಂಶಯದ ಬಗೆಗಳನ್ನು ಎಣಿಸಿದರೇ ಹೊರತು ಅದರ ಬೆಲೆಯನ್ನು ಲೆಕ್ಕ ಹಾಕಲಿಲ್ಲ. ಎಲ್ಲ ಸಂಶಯಗಳೂ ಸಮಾನವಾಗಿ ನ್ಯಾಯಯುತವಾಗಿರುವಾಗ ಅಗ್ಗದ್ದನ್ನು ಮೊದಲು ತೀರಿಸಿಕೊಳ್ಳುವುದರಲ್ಲಿ ತರ್ಕಕ್ಕೆ ವಿರೋಧವೇನೂ ಇಲ್ಲ. ಅಗ್ಗದ್ದರಲ್ಲಿ ಅಗ್ಗದ್ದು ಕೇಬಲ್ಲು. ಹಳೆಯ ಮಾನಿಟರುಗಳ ನೀಲಿ ತಲೆಯ ವಿಜಿಎ ಕೇಬಲ್ಲಿನಲ್ಲಿ 15 ಸೂಜಿಗಳಿಗೆ ಜಾಗವಿದ್ದು, ಒಂದನೆಯದು ಕೆಂಪನ್ನೂ ಎರಡನೆಯದು ಹಸಿರನ್ನೂ ಮೂರನೆಯದು ನೀಲಿಯನ್ನೂ ಬೇರೆ ಬೇರೆಯಾಗಿ ಒಯ್ಯುತ್ತವೆ. ಬಿಳಿಯಿಂದ ನೀಲಿಯನ್ನು ಕಳೆದರೆ ಉಳಿಯುವುದು ಹಳದಿ. ಆದ್ದರಿಂದ ಮೂರನೆಯ ಸೂಜಿ ಬಾಗಿದ್ದರೆ ತೆರೆಯ ಮೇಲಿನ ಲಗ್ನಪತ್ರಿಕೆಯ ಬಿಳಿ ಹಾಳೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಮೊದಲೇ, ಪೂರ್ತಿ ಹಳದಿಯಾಗಿ ಕಾಣುತ್ತದೆ.